ಆಚೆ ದಡದ ಹಳೇ ಊರು

ಯುದ್ಧ ನಡೆಯುತ್ತಿದ್ದ ಕಾಲ. ನನ್ನ ತಂಗಿಗೆ ಬಂದ ಸಂಬಂಧದ ಮನೆ ನೋಡಿಬರಲು ಅಕ್ಕನಾದ ನಾನು ಸೋದರಮಾವನ ಜೊತೆ ಕೊತ್ತತ್ತಿಯಿಂದ ಹೊರಟೆ. ಅಪ್ಪ ತೀರಿಕೊಂಡ ಮೇಲೆ ನಮಗೆ ಮಾವನೇ ಹಿರಿಯ. ಇದ್ದಿಲು ಗ್ಯಾಸಿನ ಬಸ್ಸು ನಮ್ಮನ್ನು ಮಳವಳ್ಳಿಯಲ್ಲಿ ಇಳಿಸಿತು. ಅಲ್ಲಿಂದ ಎತ್ತಿನ ಗಾಡಿ, ಆಮೇಲೆ ಕುರುಚಲು ಕಾಡಿನಲ್ಲಿ ಕಾಲುನಡಿಗೆ. ಕಾಡು ಮುಗಿದಲ್ಲಿ ಒಂದು ದೊಡ್ಡ ಕೆರೆ, ಅದರ ಪಕ್ಕಕ್ಕೆ ಇಪ್ಪತ್ತು ಮೂವತ್ತು ಮನೆ. ಏರಿಯ ಮೇಲೆ ಬಿದ್ದಿದ್ದ ಆನೆಯ ಲದ್ದಿ ಇನ್ನೂ ಹಸಿಯಾಗಿತ್ತು.

"ಅತ್ರದಲ್ಲಿ ಎಣ್ಣು ಸಿಕ್ದೆ ಇವ್ರು ನಮ್ಮ ತಾವ್ಕೆ ಯಾಕೆ ಬಂದ್ರು?" ಎಂದ ಮಾವ. ಆ ಮಾತು ನನ್ನ ತಲೆಗೂ ಹೊಕ್ಕಿತು.

ಮನೆಯವರು ಚೆನ್ನಾಗಿಯೇ ಉಪಚರಿಸಿದರು. ಮಾವ ಮಾತ್ರ ರಾಗಿಯ ಗುಡಾಣಕ್ಕೆ ಕೈಹಾಕಿ ನೋಡಿದ, ಹಸುವಿನ ಹಲ್ಲು ನೋಡಿದ, ಗೋಡೆ ತಟ್ಟಿ ನೋಡಿದ. ನಾನು ಕಾಲು ತೊಳೆಯಲು ಕೆರೆಗೆ ಹೋದಾಗ ಆಚೆ ದಡದಲ್ಲಿ ಸೂರಿಲ್ಲದ ಗೋಡೆಗಳು ಸಾಲಾಗಿ ಕಂಡವು. ಬಟ್ಟೆ ಒಗೆಯುತ್ತಿದ್ದ ಒಬ್ಬಳನ್ನು ಕೇಳಿದರೆ ಹಳೇ ದನದ ಕೊಟ್ಟಿಗೆ ಅಂದಳು. ನೀರಿಗೆ ಬಂದ ಇನ್ನೊಬ್ಬಳು ಕಾಡಿನ ಇಲಾಖೆಯವರು ಕಟ್ಟಿಸಿದ್ದು ಅಂದಳು. ಇಬ್ಬರೂ ಮುಖ ಮುಖ ನೋಡಿಕೊಂಡರು. ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸಿ ಮನೆಗೆ ಓಡಿದೆ. ಬಂದು ಹೇಳಿದ್ದೇ ಮಾವ ಊಟಕ್ಕೆ ಮುಂಚೆ ಹೊರಡೋಣ ಅಂತ ಎದ್ದುಬಿಟ್ಟ.

ಆಗ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದ ಗಂಡಿನ ಅಜ್ಜಿ ನನ್ನನ್ನು ಹತ್ತಿರ ಕರೆದು ಕೂರಿಸಿಕೊಂಡಳು.

"ಅದು ನಮ್ಮೂರೇ ಕಣಮ್ಮ. ಪಿಳೇಗು ಬಂದು ಇಲಿ ಬಿದ್ದಾಗ ಊರು ಬುಟ್ಟು ಈ ದಡುಕ್ಕೆ ಬಂದು ಗುಡ್ಲು ಆಕೊಂಡೊ. ನನ್ನ ಎರಡು ಮಕ್ಳು ಅಲ್ಲೇ ತೀರ್ಕೊಂಡೊ. ಆಮೇಲೆ ಯಾರೂ ವಾಪಸ್ ಓಗ್ನಿಲ್ಲ. ಇದು ಗೊತ್ತಾದ್ರೆ ಎಣ್ಣು ಕೊಡಕಿಲ್ಲ ಅಂತ ಎಲ್ರೂ ಬಾಯ್ ಮುಚ್ಕೊಂಡವ್ರೆ."

ಮನೆಯವರು ತಲೆ ತಗ್ಗಿಸಿದರು. ಅಜ್ಜಿ ಅವರ ಕಡೆ ನೋಡದೆ ನನ್ನನ್ನೇ ಕೇಳಿದಳು: "ನಿಮ್ಮ ಕಡೆ ನಾಲೆ ಬಂದ್ ಮ್ಯಾಲೆ ಚಳಿಜರ ಅಂತಾರಲ್ಲ, ನಿನ್ನ ತಂಗಿಗೆ ಬಂದಿತ್ತಾ?"

ಮಾವ ಇಲ್ಲ ಅಂದ. ಹಿಂದಿನ ವರ್ಷ ತಂಗಿ ದಿನ ಬಿಟ್ಟು ದಿನ ನಡುಗುತ್ತಾ ಮಲಗಿದ್ದಳು. ಆ ಸುದ್ದಿ ಎತ್ತಬಾರದು ಅಂತ ಮನೆಯಲ್ಲೇ ಮಾತಾಡಿಕೊಂಡು ಬಂದಿದ್ದೆವು. ಆದರೆ ಸತ್ತ ಮಕ್ಕಳ ಮಾತನ್ನು ಬಾಯಿಬಿಟ್ಟು ಹೇಳಿದವಳ ಮುಂದೆ ಸುಳ್ಳು ಹೇಳಲು ನನಗೆ ನಾಲಗೆ ಏಳಲಿಲ್ಲ. ಬಂದಿತ್ತು, ಕ್ವಿನೈನು ಕೊಟ್ಟ ಮೇಲೆ ವಾಸಿಯಾಯಿತು ಅಂದೆ. ಮಾವ ನನ್ನನ್ನು ಸುಟ್ಟುಬಿಡುವ ಹಾಗೆ ನೋಡಿದ. ಅಜ್ಜಿ ಸ್ವಲ್ಪ ಹೊತ್ತು ಕಾಯಿ ಸುಲಿದು, ಇವರಿಗೆ ಊಟಕ್ಕೆ ಎಲೆ ಹಾಕು ಅಂತ ಸೊಸೆಗೆ ಹೇಳಿದಳು.

ಮದುವೆ ಆಯಿತು. ತಂಗಿ ಅಲ್ಲೇ ಬಾಳಿದಳು. ಮೊದಲ ವರ್ಷ ಅವಳು ಕೆಮ್ಮಿದರೂ ಊರವರು ಜ್ವರ ತಂದಳು ಅನ್ನುತ್ತಿದ್ದರಂತೆ. ನಮ್ಮ ಮಾವನಂತೂ ಆ ಊರಿಗೆ ಹೋದಾಗಲೆಲ್ಲ ಮೂಲೆಮೂಲೆಯಲ್ಲಿ ಸತ್ತ ಇಲಿ ಹುಡುಕುತ್ತಿದ್ದ.