ಡೇರೆಯನ್ನುಟ್ಟು ಹೊಳೆಗಿಳಿದವಳು

ನಾನು ಡೇರೆಯಮ್ಮನನ್ನು ಮೊದಲು ಕಂಡದ್ದು ಒಂದು ಡೇರೆಯ ಅಡಿಯಿಂದ. ಶಾಲೆಯ ಮಕ್ಕಳನ್ನು ಕರೆದುಕೊಂಡು ಹೊಳೆದಂಡೆಯ ಉದ್ಯಾನಕ್ಕೆ ಶಿಬಿರಕ್ಕೆಂದು ಹೋಗಿದ್ದೆವು. ನಮ್ಮ ಡ್ರಿಲ್ ಮಾಸ್ತರರು ಬಲು ಹುರುಪಿನಿಂದ ನಿಲ್ಲಿಸಿದ ಡೇರೆ, ನಾವೆಲ್ಲ ಒಳಹೊಕ್ಕು ಕುಳಿತ ಗಳಿಗೆಯಲ್ಲೇ ನಮ್ಮ ತಲೆಯ ಮೇಲೆ ಕುಸಿದುಬಿತ್ತು. ಒಳಗೆಲ್ಲ ಮಕ್ಕಳ ಕೇಕೆ, ಮಾಸ್ತರರ ಗದರಿಕೆ. ಯಾರದೋ ಮೊಣಕೈ ನನ್ನ ಪಕ್ಕೆಯಲ್ಲಿ. ಆಗ ಬಟ್ಟೆಯ ಒಂದು ಅಂಚು ಮೇಲೆದ್ದು, ದುಂಡುಮುಖವೊಂದು ಒಳಗೆ ಇಣುಕಿತು. ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಆ ಮುಖ ಕೇಳಿತು:

"ಎಲ್ಲರಿಗೂ ಜೀವ ಇದೆಯೇನ್ರಪ್ಪಾ?"

"ಇದೇ!" ಎಂದು ಮಕ್ಕಳು ಒಕ್ಕೊರಲಿನಿಂದ ಕಿರುಚಿದರು.

"ಸರಿ ಹಾಗಾದ್ರೆ. ನನ್ನ ಡೇರೆಗೆ ಏನಾದ್ರೂ ಪೆಟ್ಟಾಯ್ತಾ ನೋಡ್ತೀನಿ, ಅಲುಗಾಡಬೇಡಿ."

ನಾವು ಮಿಸುಕದೆ ಕುಳಿತೆವು. ಅವಳು ಸುತ್ತಲೂ ಓಡಾಡಿ ಪ್ರತಿಯೊಂದು ಹೊಲಿಗೆಯನ್ನೂ ಬೆರಳಿನಿಂದ ಸವರಿ, ಸಮಾಧಾನವಾದ ಮೇಲೆಯೇ ನಮ್ಮನ್ನು ಹೊರಗೆ ಬಿಟ್ಟಳು. ಅಂದಿನಿಂದ ಅವಳ ಸ್ನೇಹವಾಯಿತು. ಮುಂದಿನ ಕಥೆಯಲ್ಲಿ ಕೆಲವನ್ನು ಅವಳೇ ಹೇಳಿದಳು, ಕೆಲವನ್ನು ಅವಳ ಅತ್ತೆ ಹೇಳಿದಳು. ಇಬ್ಬರ ಮಾತೂ ತಾಳೆಯಾಗದ ಕಡೆ ನಾನು ಅತ್ತೆಯ ಮಾತನ್ನೇ ನಂಬಿದ್ದೇನೆ.

ಉದ್ಯಾನದ ಡೇರೆಗಳನ್ನು ಹೊಲಿಯುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಹೊಲಿಗೆಯ ಮೇಲೆ ಮೇಣ ತಿಕ್ಕಿ ಮಳೆ ತಡೆಯುವಂತೆ ಮಾಡುವುದು ಡೇರೆಯಮ್ಮನ ಕೆಲಸ. ಗಂಡ ಲಾರಿ ಓಡಿಸುವವನು. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಮನೆಯಲ್ಲಿ ಅವಳು, ಅವಳ ಅತ್ತೆ. ಹಗಲೆಲ್ಲ ಅವಳು ಇರುತ್ತಿದ್ದುದು ನೀರಿನಂಚಿನ ತಗಡಿನ ಶೆಡ್ಡಿನಲ್ಲಿ. ಕಿಟಕಿಯ ಪಕ್ಕದಲ್ಲಿ ಕಾಲಿನಿಂದ ತುಳಿಯುವ ಹೊಲಿಗೆಯಂತ್ರ, ಮೂಲೆಯಲ್ಲಿ ಬಟ್ಟೆಯ ಸುರುಳಿಗಳು, ಮೊಳೆಗೆ ನೇತುಹಾಕಿದ ಹಗ್ಗದ ಸಿಂಬೆಗಳು, ಎಲ್ಲಕ್ಕೂ ಮೇಣದ ವಾಸನೆ. ತಲೆಯೆತ್ತಿದರೆ ಹೊಳೆ. ಅಲ್ಲಿ ಅದು ತಿರುವು ತೆಗೆದುಕೊಂಡು ಮೆಲ್ಲಗೆ ಸಾಗುತ್ತಿತ್ತು. ಬಾತುಕೋಳಿಯ ಆಕಾರದ, ಕಾಲಿನಿಂದ ತುಳಿದು ನಡೆಸುವ ತುಳಿದೋಣಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಹುಲ್ಲಿನ ಇಳಿಜಾರಿನ ಮೇಲೆ ಅವಳ ಡೇರೆಗಳು ಬಣ್ಣಬಣ್ಣವಾಗಿ ನಿಂತಿದ್ದವು. ಒಂದೊಂದಕ್ಕೂ ಅವಳಿಟ್ಟ ಹೆಸರಿತ್ತು. ಗಾಳಿ ಬಂದರೆ ಪಟಪಟನೆ ಬಡಿದುಕೊಳ್ಳುವುದು "ವಾಚಾಳಿ"; ಎಷ್ಟು ಬಿಗಿದು ಕಟ್ಟಿದರೂ ಜೋಲುವುದು "ಸೋಮಾರಿ"; ತೇಪೆಯೇ ಹೆಚ್ಚಾಗಿ ಮೂಲಬಟ್ಟೆ ಎಲ್ಲಿದೆಯೆಂದು ಹುಡುಕಬೇಕಾದದ್ದು "ದೊಡ್ಡಪ್ಪ".

ಇಷ್ಟೆಲ್ಲ ಇದ್ದರೂ ಅವಳಿಗೆ ಈಜು ಬರುತ್ತಿರಲಿಲ್ಲ. ಹೊಳೆಯ ಮಗ್ಗುಲಲ್ಲೇ ಯೌವನ ಕಳೆದವಳು ಪಾದ ಮುಳುಗುವಷ್ಟು ನೀರಿಗಿಂತ ಆಚೆ ಕಾಲಿಟ್ಟವಳಲ್ಲ. "ನೀರನ್ನ ಹೊರಗಿಡೋದು ನನ್ನ ಕಸುಬು. ನಾನೇ ಅದರೊಳಗೆ ಹೋಗಿ ಕೂತ್ರೆ ಹೇಗೆ?" ಎಂಬುದು ಅವಳ ವಾದ.

ಒಂದು ವರ್ಷ ಬೇಸಿಗೆ ಕಾಲಿಡುವ ಮುನ್ನ ಹೊಸ ನಿಯಮ ಬಂದಿತು. ದಂಡೆಯ ಬಿಳಿ ಬೇಲಿಯಿಂದ ಆಚೆ, ನೀರಿನ ಕಡೆಗೆ ಕೆಲಸ ಮಾಡುವವರೆಲ್ಲರಿಗೂ ಈಜು ಬರಬೇಕು. ಹೊಳೆಯ ನಡುವೆ ಲಂಗರು ಹಾಕಿದ ತೆಪ್ಪವನ್ನು ಮುಟ್ಟಿ, ಸ್ವಂತ ಕೈಕಾಲಿನಿಂದ ಮರಳಿ ಬರಬೇಕು. ಬಾರದವರಿಗೆ ಬೇಲಿಯೀಚೆ ಬೇರೆ ಕೆಲಸ. ಉದ್ಯಾನದ ಮೇಲ್ವಿಚಾರಕ ಒಳ್ಳೆಯ ಹುಡುಗ. ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿದ್ದುದರಿಂದ ಎಲ್ಲರೂ ಅವನನ್ನು ಸೀಟಿಸಾಹೇಬನೆಂದೇ ಕರೆಯುತ್ತಿದ್ದರು. ಅವನು ತಾನೇ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಅಮ್ಮಾ, ನಿಯಮ ನಾನು ಮಾಡಿದ್ದಲ್ಲ. ಈಜು ಬರದಿದ್ರೆ ನಿಮ್ಮ ಯಂತ್ರನ ಪೇಟೆಯೊಳಗಿನ ಕಚೇರಿ ಹಿಂದಿನ ಕೋಣೆಗೆ ಸಾಗಿಸ್ಬೇಕಂತೆ. ಸಂಬಳ ಅಷ್ಟೇ ಇರುತ್ತೆ."

ಡೇರೆಯಮ್ಮ ಆ ಕೋಣೆಯನ್ನು ನೋಡಿಕೊಂಡು ಬಂದಳು. ಅದಕ್ಕೊಂದೇ ಕಿಟಕಿ, ತೆರೆದರೆ ಮೂಗಿಗೆ ತಾಗುವಂತೆ ಎದುರು ಕಟ್ಟಡದ ಗೋಡೆ. ಮನೆಗೆ ಬಂದವಳೇ ಚಪ್ಪಲಿಯನ್ನೂ ಬಿಡದೆ ಅತ್ತೆಯ ಮುಂದೆ ಕುಕ್ಕರಿಸಿದಳು.

"ಅತ್ತೆ, ಅಲ್ಲಿ ಕೂತು ಹೊಲಿದ್ರೆ ಡೇರೆಗಲ್ಲ, ನನಗೇ ಬೂಷ್ಟು ಹಿಡಿಯುತ್ತೆ. ನನಗೆ ಹೊಳೆ ಬೇಕು, ಗಾಳಿ ಬೇಕು, ವಾಚಾಳಿಯ ಸದ್ದು ಬೇಕು. ನಿಮಗೆ ಈಜು ಬರುತ್ತಲ್ಲ, ಕಲಿಸಿ."

ಅತ್ತೆಗೆ ವಯಸ್ಸಾಗಿ ಹಲ್ಲೆಲ್ಲ ಉದುರಿದ್ದರೂ, ನೀರಿಗಿಳಿದರೆ ಎಳೆಯ ಮೀನಿನಂತೆ ಜಾರುತ್ತಿದ್ದಳು. ಅವಳು ಸೊಸೆಯನ್ನು ಮೇಲಿಂದ ಕೆಳಗೆ ನೋಡಿದಳು. "ಮದುವೆಯಾಗಿ ಬಂದಾಗಿಂದ ನನ್ನ ಒಂದು ಮಾತು ಕೇಳಿದವಳಲ್ಲ. ಈಗ ಕೇಳ್ತೀಯೇನೇ?"

"ನೀರೊಳಗೆ ಕೇಳ್ತೀನಿ. ಮನೆಯೊಳಗೆ ಖಾತ್ರಿಯಿಲ್ಲ."

ಅತ್ತೆಗೆ ಅಷ್ಟು ಸಾಕಾಗಿತ್ತು. ಮರುದಿನವೇ ಪಾಠ ಶುರುವಾಯಿತು. ಬೆಳಬೆಳಗ್ಗೆ, ಶಿಬಿರದವರು ಆಕಳಿಸುತ್ತ ಡೇರೆಯಿಂದ ತಲೆ ಹೊರಹಾಕುವ ಹೊತ್ತಿಗೆ, ಎದೆಮಟ್ಟದ ನೀರಿನಲ್ಲಿ ಅತ್ತೆ ಸೊಸೆಯ ಹೊಟ್ಟೆಗೆ ಕೈ ಕೊಟ್ಟು ತೇಲಿಸುವಳು. ಸೊಸೆ ಕಣ್ಣು ಮುಚ್ಚಿ ಕೈಕಾಲು ಬಡಿಯುವಳು.

"ಬಿಡಬೇಡಿ ಅತ್ತೆ! ಬಿಡಬೇಡಿ!"

"ಬಿಟ್ಟು ಆಗ್ಲೇ ಎಷ್ಟೋ ಹೊತ್ತಾಯ್ತು ಕಣೇ."

ಆ ಮಾತು ಕಿವಿಗೆ ಬಿದ್ದದ್ದೇ ತಡ, ಅಷ್ಟುಹೊತ್ತು ಚೆನ್ನಾಗಿ ತೇಲುತ್ತಿದ್ದವಳು ಗುಳುಂ ಎಂದು ಮುಳುಗುವಳು. ದಂಡೆಯಲ್ಲಿ ಹಲ್ಲುಜ್ಜುತ್ತ ನಿಂತ ಶಿಬಿರದವರಿಗೆ ಇದಕ್ಕಿಂತ ಒಳ್ಳೆಯ ಮನರಂಜನೆ ಇರಲಿಲ್ಲ. ಅಂತೂ ಇಂತೂ ಕೈ ಬೀಸುವುದು ಬಂತು, ಕಾಲು ಒದೆಯುವುದು ಬಂತು, ಉಸಿರೂ ಹಿಡಿತಕ್ಕೆ ಬಂತು. ಆದರೆ ಕಾಲಿಗೆ ನೆಲ ಸಿಗುವವರೆಗೆ ಮೀನು. ನೆಲ ಸಿಗದೆಂದು ತಿಳಿದ ಕೂಡಲೇ ಗುಂಡುಕಲ್ಲು.

ಪರೀಕ್ಷೆ ಹತ್ತಿರವಾದಂತೆ ಡೇರೆಯಮ್ಮ ಶೆಡ್ಡಿನ ಬಾಗಿಲು ಹಾಕಿಕೊಂಡು ಏನನ್ನೋ ಹೊಲಿಯತೊಡಗಿದಳು. ಅತ್ತೆ ಬಾಗಿಲು ತಟ್ಟಿದರೆ "ತುರ್ತು ಕೆಲಸ" ಎನ್ನುವಳು. ತುರ್ತು ಕೆಲಸವೆಂದರೆ ತನಗಾಗಿಯೇ ಒಂದು ಉಡುಪು. ಕೊರಳಿನಿಂದ ಹಿಮ್ಮಡಿಯವರೆಗೆ ಒಂದೇ ತುಂಡಿನ ಅಂಗಿ-ಪಾಯಿಜಾಮ. ಕಿತ್ತಳೆ ಬಣ್ಣದ, ಅತ್ಯುತ್ತಮವಾದ ಡೇರೆಬಟ್ಟೆ. ಎಲ್ಲ ಕಡೆ ಜೋಡಿ ಹೊಲಿಗೆ, ಹೊಲಿಗೆಯ ಮೇಲೆ ಬಿಸಿಮೇಣ. ಕೊರಳು, ಮುಂಗೈ, ಕಣಕಾಲುಗಳಲ್ಲಿ ಬಿಗಿದು ಕಟ್ಟುವ ಲಾಡಿ. ನೀರು ಮೈಗೆ ಸೋಕಿದರೆ ತಾನೇ ಭಯ? ಸೋಕದ ಹಾಗೆ ಮಾಡಿದರಾಯಿತು. ಡೇರೆಯನ್ನು ಹೇಗೆ ಪರೀಕ್ಷಿಸುವಳೋ ಹಾಗೆಯೇ ಅದನ್ನು ತೊಟ್ಟು, ಕೊಡಗಟ್ಟಲೆ ನೀರನ್ನು ಮೇಲೆ ಸುರಿದುಕೊಂಡಳು. ಒಳಗೆ ಒಂದು ಹನಿ ಬರಲಿಲ್ಲ. ಹಿಗ್ಗಿನಿಂದ ಶೆಡ್ಡಿನೊಳಗೇ ಒಂದು ಸುತ್ತು ಕುಣಿದಳಂತೆ.

ಪರೀಕ್ಷೆಯ ದಿನ ದಂಡೆಯ ತುಂಬ ಜನ. ತೋಟದವನು ಈಜಿ ಬಂದ. ದೀಪದ ಕೆಲಸದವನು ಈಜಿ ಬಂದ. ಬಳಿಕ ಶೆಡ್ಡಿನ ಬಾಗಿಲು ತೆರೆಯಿತು. ಕಿತ್ತಳೆ ಬಣ್ಣದ ಆಕೃತಿಯೊಂದು ಸರಬರ ಸದ್ದು ಮಾಡುತ್ತ ಇಳಿಜಾರಿನಲ್ಲಿ ನಡೆದುಬಂತು. ತುಳಿದೋಣಿಗಳನ್ನು ನೋಡಿಕೊಳ್ಳುವ ದೋಣಿಯಣ್ಣ ಬಾಯಿ ತೆರೆದವನು ಮುಚ್ಚಲಿಲ್ಲ.

"ಇದೇನೇ ನಿನ್ನ ವೇಷ?" ಎಂದಳು ಅತ್ತೆ.

"ಸುಮ್ನಿರಿ ಅತ್ತೆ. ನೋಡ್ತಾ ಇರಿ."

ಸೀಟಿಸಾಹೇಬ ಸೀಟಿ ಊದಿದ. ಡೇರೆಯಮ್ಮ ಕಣ್ಣು ಮುಚ್ಚಿ ದಂಡೆಯ ಕಟ್ಟೆಯಿಂದ ಹಾರಿಯೇಬಿಟ್ಟಳು.

ನೀರು ಒಳಗೆ ಬಾರದ ಉಡುಪಿನಿಂದ ಗಾಳಿಯೂ ಹೊರಗೆ ಹೋಗದೆಂಬುದು ಅವಳಿಗೆ ಹೊಳೆದಿರಲಿಲ್ಲ. ಡೇರೆ ಹೊಲಿಯುವವರಿಗೆ ನೀರೊಂದೇ ಶತ್ರು. ಗಾಳಿಯ ವಿಚಾರ ಅವರೇಕೆ ಮಾಡಿಯಾರು? ಅವಳು ನೀರಿಗೆ ಬಿದ್ದೊಡನೆ ಒಳಗಿದ್ದ ಗಾಳಿಯೆಲ್ಲ ಹೊಟ್ಟೆಯ ಕಡೆಗೂ ಕಾಲಿನ ಕಡೆಗೂ ನುಗ್ಗಿ, ಉಡುಪು ಬುಸ್ಸೆಂದು ಉಬ್ಬಿತು. ಮರುಕ್ಷಣ ಡೇರೆಯಮ್ಮ ಅಂಗಾತವಾಗಿ, ಕಾಲು ಆಕಾಶಕ್ಕೆ ಮಾಡಿ, ಹೊಳೆಯ ಮೇಲೆ ಕುಂಬಳಕಾಯಿಯಂತೆ ತೇಲುತ್ತಿದ್ದಳು. ಕೈ ಬೀಸಿದರೆ ನೀರೇ ಎಟುಕದು. ಮಗುಚಿಕೊಳ್ಳಲು ಹೋದರೆ ಇಡೀ ಒಂದು ಉರುಳು ಉರುಳಿ ಮತ್ತೆ ಅಂಗಾತ. ತೆಪ್ಪ ಪಕ್ಕದಲ್ಲೇ ಹಾದುಹೋಯಿತು. ಅವಳು ಅದಕ್ಕೆ ಕೈ ಚಾಚಿದಳು, ಸಿಗಲಿಲ್ಲ. ಹೊಳೆ ಅವಳನ್ನು ಮೆಲ್ಲಗೆ, ಮರ್ಯಾದೆಯಿಂದ, ತಿರುವಿನತ್ತ ಕರೆದೊಯ್ಯಿತು.

ದಂಡೆಯ ಮೇಲೆ ಜನ ಅವಳ ಜೊತೆಜೊತೆಗೇ ಓಡಿದರು. ನಕ್ಕು ನಕ್ಕು ಕೆಲವರು ಹುಲ್ಲಿನ ಮೇಲೆ ಬಿದ್ದು ಹಿಂದುಳಿದರು. ಸೀಟಿಸಾಹೇಬ ಬಿಡದೆ ಸೀಟಿ ಊದಿದ. ದೋಣಿಯಣ್ಣ ಒಂದು ಬಾತುಕೋಳಿಯನ್ನೇರಿ ಗಡಗಡನೆ ತುಳಿಯುತ್ತ ಬೆನ್ನಟ್ಟಿದ. ಆ ದೋಣಿಯ ವೇಗ ದೇವರಿಗೇ ಪ್ರೀತಿ.

"ತಂಗೀ, ನಿಲ್ಲು! ಬಂದೆ!"

"ನಿಲ್ಲೋಕಾಗಿದ್ರೆ ನಿನ್ನನ್ಯಾಕೆ ಕಾಯ್ತಿದ್ದೆ ಅಣ್ಣಾ!"

ಮೊದಲು ಅವಳೂ ಬೆದರಿ ಕೈಕಾಲು ಬಡಿದಳು. ಆದರೆ ಎಷ್ಟು ಹೊತ್ತೆಂದು ಹೆದರುವುದು? ಮುಳುಗುವ ಲಕ್ಷಣವೇ ಇಲ್ಲ. ಮೇಲೆ ಆಕಾಶ ಸುತ್ತುತ್ತಿತ್ತು, ಮರಗಳು ಸುತ್ತುತ್ತಿದ್ದವು, ದಂಡೆಯ ಡೇರೆಗಳು ಒಂದೊಂದಾಗಿ ಬಂದು ಮುಖ ತೋರಿಸಿ ಹೋಗುತ್ತಿದ್ದವು. ಇಷ್ಟು ವರ್ಷ ಕಿಟಕಿಯಿಂದ ನೋಡಿದ ಹೊಳೆಯ ನಟ್ಟನಡುವೆ ತಾನಿದ್ದೇನೆಂದು ನೆನೆದಾಗ ಅವಳಿಗೆ ನಗು ಉಕ್ಕಿತು. ನಕ್ಕಂತೆಲ್ಲ ಉಡುಪು ಕುಲುಕಿತು; ಕುಲುಕಿದಂತೆಲ್ಲ ನಗು ಹೆಚ್ಚಿತು.

"ಹೊಲಿಗೆ ಬಿಚ್ಚೇ!" ಎಂದು ಅತ್ತೆ ದಂಡೆಯಿಂದ ಕೂಗಿದಳು.

ನಗು ತಟ್ಟನೆ ನಿಂತಿತು. "ನನ್ನ ಹೊಲಿಗೇನಾ? ನಾನೇ ಬಿಚ್ಚೋದಾ?"

"ಹಾಗಾದ್ರೆ ಹೊಲಿಗೆ ಇಟ್ಕೋ, ಪೇಟೆ ಕೋಣೆಗೆ ಹೋಗು! ಗೋಡೆ ನೋಡ್ತಾ ಕೂತ್ಕೋ!"

ಆ ಮಾತು ನಾಟಿತು. ನೂಲು ಕತ್ತರಿಸುವ ಪುಟ್ಟ ಕತ್ತರಿ ಅವಳ ಕೊರಳ ದಾರದಲ್ಲಿ ಯಾವಾಗಲೂ ಇರುತ್ತಿತ್ತು. ಉಡುಪಿನ ಹೊರಗೆ, ಗಲ್ಲದ ಬಳಿ ಅದು ತೂಗಾಡುತ್ತಿತ್ತು. ಅದನ್ನು ಹಿಡಿದು, ಪಕ್ಕೆಯ ಜೋಡಿ ಹೊಲಿಗೆಗೆ ಮೊನೆ ಸೇರಿಸಿ, ಕಣ್ಣು ಬಿಗಿಮುಚ್ಚಿ ಎಳೆದಳು. ಎಷ್ಟು ಗಟ್ಟಿಯಾಗಿ ಹೊಲಿದಿದ್ದಳೆಂದರೆ ತನ್ನನ್ನು ತಾನೇ ಬೈದುಕೊಂಡಳು. ಕೊನೆಗೆ ನೂಲು ಟಪಟಪ ಕಿತ್ತುಬಂತು. ಪುರ್‍ರೆಂದು ಹೊರಟ ಗಾಳಿಯ ಸದ್ದಿನ ವಿಷಯವಾಗಿ ಅತ್ತೆ ಆಡಿದ ಮಾತನ್ನು ನಾನು ಇಲ್ಲಿ ಬರೆಯಲಾರೆ.

ಡೇರೆಯಮ್ಮ ಗಲ್ಲದವರೆಗೆ ಇಳಿದಳು. ಕಾಲು ಚಾಚಿದಳು, ನೆಲವಿರಲಿಲ್ಲ. ನೀರು ತಣ್ಣಗೆ ಮೈಯೆಲ್ಲ ಸೋಕಿತು. ಗುಂಡುಕಲ್ಲಾಗಲು ಅದೇ ಸರಿಯಾದ ಸಮಯವಾಗಿತ್ತು. ಆದರೆ ನಕ್ಕು ಸಡಿಲವಾದ ಮೈಗೆ ಅದು ಮರೆತೇಹೋಗಿತ್ತು. ಕೈಗಳು ತಮ್ಮಷ್ಟಕ್ಕೆ ತಾವೇ ಬೀಸಿದವು, ಕಾಲುಗಳು ಒದೆದವು. ಹಿಂದೆ ಕಿತ್ತಳೆ ಬಟ್ಟೆ ಬಾಲದಂತೆ ಎಳೆದುಕೊಂಡು ಬರುತ್ತಿರಲು, ಬಾತುಕೋಳಿ ತಲುಪುವ ಮೊದಲೇ ಅವಳು ದಂಡೆ ಮುಟ್ಟಿದಳು.

ಜನ ಚಪ್ಪಾಳೆ ತಟ್ಟಿದರು. ಸೀಟಿಸಾಹೇಬ ಮಾತ್ರ ಮುಖ ಚಿಕ್ಕದು ಮಾಡಿಕೊಂಡ. "ಅಮ್ಮಾ, ಚೆನ್ನಾಗಿ ಈಜಿದ್ರಿ. ಆದ್ರೆ ತೆಪ್ಪ ಮುಟ್ಟಲಿಲ್ವಲ್ಲ... ಮುಂದಿನ ವಾರ ಇನ್ನೊಂದ್ಸಲ—"

"ಮುಂದಿನ ವಾರ ಯಾಕೆ ಸಾಹೇಬ್ರೇ? ನಾನೂ ಒದ್ದೆ, ಹೊಳೇನೂ ಒದ್ದೆ. ಈಗಲೇ ಆಗ್ಲಿ."

ಉಡುಪನ್ನು ಕಳಚಿ ಅತ್ತೆಯ ಕೈಗಿತ್ತು, ಒಳಗೆ ತೊಟ್ಟಿದ್ದ ಹಳೆಯ ಬಟ್ಟೆಯಲ್ಲೇ ಕಟ್ಟೆಯವರೆಗೆ ನಡೆದುಹೋಗಿ, ಈ ಸಲ ಕಣ್ಣು ತೆರೆದು ನೀರಿಗಿಳಿದಳು. ಆಳ ಬಂದಾಗ ಒಮ್ಮೆ ತಡವರಿಸಿದಳು. ಮತ್ತೆ ಕೈ ಮೇಲೆದ್ದಿತು. ತೆಪ್ಪ ಮುಟ್ಟಿದವಳು ಅದನ್ನು ಹತ್ತಿ ಕುಳಿತು, ಕಾಲಾಡಿಸುತ್ತ, ಏದುಸಿರಿನಲ್ಲೂ ನಗತೊಡಗಿದಳು. ಮರಳಿ ಬರುವ ಆತುರ ಅವಳಿಗಿದ್ದಂತೆ ಕಾಣಲಿಲ್ಲ.

"ಬರಬೇಕು ಅಮ್ಮಾ! ಬಂದ್ರೇನೇ ಪಾಸು!" ಎಂದು ಸೀಟಿಸಾಹೇಬ ಕೂಗಿದ.

"ಬರ್ತೀನಿ ತಡೀರಿ! ಇಲ್ಲಿಂದ ನನ್ನ ಶೆಡ್ ಎಷ್ಟು ಚೆಂದ ಕಾಣುತ್ತೆ ಅಂತ ನೋಡ್ತಾ ಇದೀನಿ!"

ಮನಸಾರೆ ನೋಡಿಯಾದ ಮೇಲೆ ಮರಳಿ ಈಜಿದಳು. ಯಂತ್ರ ಶೆಡ್ಡಿನಿಂದ ಕದಲಲಿಲ್ಲ.

ಈಚೆಗೆ ಆಚೆ ದಡದಲ್ಲಿಯೂ ಡೇರೆಗಳನ್ನು ಹಾಕಿದ್ದಾರೆ. ಅಲ್ಲಿ ಏನಾದರೂ ಹರಿದರೆ ಹೋಗಿಬರಲು ದೋಣಿಯಿದೆ. ಡೇರೆಯಮ್ಮನಿಗೆ ಅದನ್ನು ಕಾಯುವ ತಾಳ್ಮೆಯಿಲ್ಲ. ಸೂಜಿ, ನೂಲು, ಮೇಣಗಳ ಗಂಟನ್ನು ನೆತ್ತಿಯ ಮೇಲೆ ಬಿಗಿದುಕೊಂಡು ಈಜಿಯೇ ಹೋಗುತ್ತಾಳೆ. ಒಣಬಟ್ಟೆಯ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ದೋಣಿಯಣ್ಣನ ಬಾತುಕೋಳಿಯಲ್ಲಿ ಹಿಂದೆ ಹಿಂದೆ ಬರುತ್ತಾಳೆ. ಕಳೆದ ವಾರ ನಾನು ಹೋದಾಗ ಮೂವರೂ ಹೊಳೆಯ ನಡುವೆ ಇದ್ದರು.

"ಮೊಣಕಾಲು ಮಡಿಸಬೇಡ ಕಣೇ! ಎಷ್ಟು ಸಲ ಹೇಳೋದು!" ಎಂದು ಅತ್ತೆ ದೋಣಿಯಿಂದ ಬಯ್ಯುತ್ತಿದ್ದಳು.

"ಅತ್ತೆ, ನೀವು ಸ್ವಲ್ಪ ಜೋರಾಗಿ ತುಳೀರಿ. ಇಲ್ದಿದ್ರೆ ನಾನು ಆ ಕಡೆ ಹೋಗಿ ಚಳಿಯಲ್ಲಿ ನಿಮ್ಮನ್ನ ಕಾಯ್ಬೇಕಾಗುತ್ತೆ!" ಎಂದು ಸೊಸೆ ನೀರಿನಿಂದ ಕೂಗಿ, ಬೇಕೆಂದೇ ಮೊಣಕಾಲು ಮಡಿಸಿ ಒದ್ದು ದೋಣಿಯ ತುಂಬ ನೀರೆರಚಿ ಮುಂದೆ ಹೋದಳು.