ಗುಡುಗಪ್ಪನ ಎದೆಯೊಳಗಿನ ಮಚ್ಚೆ

ಅಣುಸ್ಥಾವರದಲ್ಲಿ ಪೈಪ್ ಫಿಟ್ಟರ್ ಆಗಿದ್ದ ಅವನ ನಿಜವಾದ ಹೆಸರನ್ನು ಜೊತೆಯವರು ಮರೆತೇಬಿಟ್ಟಿದ್ದರು. ಅವನು ನಕ್ಕರೆ ಕ್ಯಾಂಟೀನಿನ ಸ್ಟೀಲ್ ಲೋಟಗಳು ಅದುರುತ್ತಿದ್ದವು. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಗುಡುಗಪ್ಪ. ಮುಖಗವಸು ಬಿಗಿದು, ವಿಕಿರಣ ಅಳೆಯುವ ಬಿಲ್ಲೆಯನ್ನು ಎದೆಗೆ ಸಿಕ್ಕಿಸಿಕೊಂಡು ಕೊಳವೆಗಳ ಸಂದಿಯಲ್ಲಿ ನುಸುಳುವಾಗಲೂ ಕಿಸಕ್ಕೆನ್ನುತ್ತಿದ್ದ. ಪಾಳಿ ಮುಗಿದೊಡನೆ ಸಿಗರೇಟು.

ಒಂದು ವರ್ಷ ಕೆಮ್ಮು ಅಂಟಿಕೊಂಡಿತು. ಸ್ಥಾವರದ ವಾರ್ಷಿಕ ತಪಾಸಣೆಯಲ್ಲಿ ಬಲ ಶ್ವಾಸಕೋಶದೊಳಗೆ ಮಚ್ಚೆಯೊಂದು ಕಾಣಿಸಿತು. ವೈದ್ಯೆ ಸುತ್ತಿಬಳಸಲಿಲ್ಲ.

“ನಿಮ್ಮ ಕೆಲಸದಲ್ಲಿ ವಿಕಿರಣದ ಅಪಾಯ ಸ್ವಲ್ಪ ಇದ್ದೇ ಇರುತ್ತೆ. ಅದರ ಮೇಲೆ ಸಿಗರೇಟು ಅಂದ್ರೆ ಉರಿಯೋ ಬೆಂಕಿಗೆ ತುಪ್ಪ. ಕ್ಯಾನ್ಸರ್ ಇರಬಹುದು. ಶ್ವಾಸನಾಳದೊಳಗೆ ಟ್ಯೂಬ್ ಇಳಿಸಿ ನೋಡಲೇಬೇಕು.”

ಗುಡುಗಪ್ಪನಿಗೆ ಕೆಲಸ ಕಲಿಸಿದ ಹಿರಿಯ ಫಿಟ್ಟರ್ ಶ್ವಾಸಕೋಶದ ಕ್ಯಾನ್ಸರಿನಿಂದಲೇ ತೀರಿಕೊಂಡಿದ್ದರು. ಅದಕ್ಕೆ ಸ್ಥಾವರ ಕಾರಣವೋ ಸಿಗರೇಟು ಕಾರಣವೋ, ಯಾರೂ ಖಚಿತವಾಗಿ ಹೇಳಲಾರದೆ ಹೋಗಿದ್ದರು. ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಟೈಲರ್, ಹೊಲಿಯುತ್ತಿದ್ದ ಅಂಗಿಯ ತೋಳನ್ನು ಕಿಸೆಗೆ ಸೇರಿಸಿ ಹೊಲಿದುಬಿಟ್ಟಳು.

ಪರೀಕ್ಷೆಯ ದಿನ ಅವಳು ಆಸ್ಪತ್ರೆಯ ಮೊಗಸಾಲೆಯಲ್ಲಿ ಜೀವ ಕೈಯಲ್ಲಿ ಹಿಡಿದು ಕುಳಿತಿದ್ದಳು. ಒಳಗಿನಿಂದ ನರ್ಸ್ ಒಬ್ಬಳು ನಕ್ಕದ್ದು ಕೇಳಿಸಿತು. ಆಮೇಲೆ ವೈದ್ಯೆಯೇ ಬಟ್ಟಲು ಹಿಡಿದು ಬಂದರು. ಅದರಲ್ಲಿ ನಾಲ್ಕು ತೂತಿನ ಪ್ಲಾಸ್ಟಿಕ್ ಗುಂಡಿ!

“ಅಯ್ಯೋ! ಇದು ನಮ್ಮ ಪಕ್ಕದ್ಮನೆ ಮೇಷ್ಟ್ರ ಅಂಗಿದು!” ಎಂದಳು ಹೆಂಡತಿ.

ಅವಳು ಗುಂಡಿ ಹಾಕುವಾಗ ಹಲ್ಲಲ್ಲಿ ಗುಂಡಿ ಕಚ್ಚಿಕೊಂಡು ಒಂದೊಂದೇ ಕೊಡುವುದು ಗುಡುಗಪ್ಪನ ಸೇವೆ. ಮೇಷ್ಟ್ರ ಹೊಟ್ಟೆಯ ಅಳತೆ ಕೇಳಿ ಒಮ್ಮೆ ಗಹಗಹಿಸಿದಾಗ ಗುಂಡಿಯೊಂದು ಒಳಗಿಳಿದಿತ್ತು.

ಅವನಿಗೆ ಅರಿವಳಿಕೆಯ ಅಮಲು ಇಳಿದ ಮೇಲೆ ಅವಳು ಸೊಂಟಕ್ಕೆ ಕೈಯಿಟ್ಟು ನಿಂತಳು. “ರೀ, ಹೊಟ್ಟೆಗೆ ಹೋಯ್ತು ಅಂದಿದ್ರಿ?”

“ದಾರಿ ತಪ್ಪಿರ್ಬೇಕು ಕಣೇ.”

ಆದರೂ ವೈದ್ಯೆ ಊದಿಕೊಂಡಿದ್ದ ಜಾಗದ ಚೂರೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಫಲಿತಾಂಶ ಬರುವವರೆಗೆ ಇಬ್ಬರೂ ಕ್ಯಾಲೆಂಡರಿನಲ್ಲಿ ದಿನ ಎಣಿಸಿದರು. ಕೊನೆಗೆ ಬಂತು: ಕ್ಯಾನ್ಸರ್ ಇಲ್ಲ.

“ನಾನು ಗುಂಡಿ ತೆಗೆದಿದ್ದೀನಿ, ಅಪಾಯ ತೆಗೆದಿಲ್ಲ,” ಎಂದರು ವೈದ್ಯೆ. “ಸಿಗರೇಟು ಬಿಡಿ. ವರ್ಷ ವರ್ಷ ತಪ್ಪದೆ ಬನ್ನಿ.”

“ಬಿಟ್ಟೆ ಡಾಕ್ಟ್ರೇ, ಈಗಲೇ ಬಿಟ್ಟೆ!” ಎಂದು ಪ್ಯಾಕೆಟ್ಟನ್ನು ಕಸದ ಡಬ್ಬಿಗೆ ಎಸೆದ. ಬಿಡುವುದು ಅಷ್ಟು ಸುಲಭವಾಗಲಿಲ್ಲ. ತಿಂಗಳುಗಟ್ಟಲೆ ಗೋಡೆಯ ಮೇಲೂ ರೇಗಾಡಿದ. ಆದರೆ ಮತ್ತೆ ಹಚ್ಚಲಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ದಿನ ಮಾತ್ರ ಇಬ್ಬರಿಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆಸ್ಪತ್ರೆಯ ಮಕ್ಕಳ ಅಂಗಳದಲ್ಲಿ ಏತಪಾತದ ಸೀಸಾ ಹಲಗೆಯೊಂದು ಖಾಲಿಯಿತ್ತು. ಗುಡುಗಪ್ಪ ಒಂದು ತುದಿಯಲ್ಲಿ ಧೊಪ್ಪೆಂದು ಕುಳಿತ. ಇನ್ನೊಂದು ತುದಿಯಲ್ಲಿದ್ದ ಹೆಂಡತಿ ಸೆರಗು ಹಾರಿಸುತ್ತಾ ಮೇಲಕ್ಕೆ ಚಿಮ್ಮಿದಳು.

“ಇಳಿಸ್ರೀ! ಬೀಳ್ತೀನಿ! ಇಳಿಸ್ಬೇಡಿ, ಇನ್ನೊಂದ್ಸಲ!”

ಕಾವಲುಗಾರ ಓಡಿಬಂದ. “ಇದು ಮಕ್ಕಳಿಗೆ ಮಾತ್ರ ಸ್ವಾಮಿ!”

“ಇವತ್ತೇ ಹುಟ್ಟಿದ್ದೀನಪ್ಪಾ,” ಎಂದ ಗುಡುಗಪ್ಪ, ಕಾಲಿನಿಂದ ನೆಲವನ್ನು ಮತ್ತೊಮ್ಮೆ ಒದ್ದ.