ಅವ್ವನ ಎಡೆಗೆ ಸೀಬೆಹಣ್ಣು

ಪ್ರತಿ ವರ್ಷ ಪಿತೃಪಕ್ಷಕ್ಕೆ ನಾನು ಗಂಗಾನಗರದಿಂದ ಕೋಗಿಲಿನ ಅಣ್ಣನ ಮನೆಗೆ ಹೋಗುವುದು ಎರಡು ಘನ ಉದ್ದೇಶಗಳಿಂದ: ಹಿರಿಯರಿಗೆ ಎಡೆ ಇಡುವುದು, ಅಣ್ಣನ ಜತೆ ಜಗಳ ಆಡುವುದು. ಸತ್ತವರು ಬದುಕಿದ್ದಾಗ ಇಷ್ಟಪಟ್ಟು ತಿಂದದ್ದನ್ನು ಎಡೆಯಲ್ಲಿ ಇಡಬೇಕು. ಅಪ್ಪನ ಎಲೆಗೆ ತಕರಾರಿಲ್ಲ. ಕೋಳಿಸಾರು, ಒಂದು ಕಟ್ಟು ಬೀಡಿ. ಅವ್ವನ ಎಲೆಗೆ ಉಪ್ಪುಖಾರ ಹಚ್ಚಿದ ಸೀಬೆಹಣ್ಣು ಇಡಬೇಕು ಎಂದು ನಾನು. ಅವಳು ಅದನ್ನು ಮುಟ್ಟುತ್ತಲೇ ಇರಲಿಲ್ಲ ಎಂದು ಅಣ್ಣ. ಈ ವ್ಯಾಜ್ಯ ಶುರುವಾದಾಗ ಇಬ್ಬರ ಕೂದಲೂ ಕಪ್ಪಗಿತ್ತು.

ಅವ್ವ ಹೋದಾಗ ನನಗೆ ಮೂರು ತುಂಬಿರಲಿಲ್ಲ. ಅವಳ ಫೋಟೊ ಒಂದೂ ಇಲ್ಲ; ಕಳಶಕ್ಕೆ ಸೀರೆ ಉಡಿಸಿ ಅವಳು ಅಂದುಕೊಳ್ಳುತ್ತೇವೆ. ನನ್ನ ಬಳಿ ಇರುವುದು ಇಷ್ಟೇ: ನಾನು ಅವಳ ಸೊಂಟದ ಮೇಲಿದ್ದೇನೆ, ಅವಳು ಸೀಬೆಹಣ್ಣು ಕಚ್ಚಿ, ಮೆತ್ತನೆಯ ಚೂರನ್ನು ನನ್ನ ಬಾಯಿಗಿಡುತ್ತಾಳೆ. ಬೆರಳಿನಲ್ಲಿ ಖಾರ. ಮುಖ ಇಲ್ಲ.

ಈ ಸಲ ಅಣ್ಣನ ಪರವಾಗಿ ಸಾಕ್ಷಾತ್ ವಿಜ್ಞಾನವೇ ಹಾಜರಾಯಿತು. ಅಣ್ಣನ ಮಗ ತನ್ನ ಕೂಸಿನ ಬುದ್ಧಿ ಬೆಳೆಸಲೆಂದು ಯಲಹಂಕದಲ್ಲಿ ಒಂದು ಭಾನುವಾರದ ತರಗತಿಗೆ ಹೋಗಿದ್ದ. ಬೆಳಿಗ್ಗೆ ಮಿದುಳನ್ನು ಮುಗಿಸಿ, ಮಧ್ಯಾಹ್ನ ಬಿರಿಯಾನಿಯನ್ನು ಮುಗಿಸಿ ಬಂದ ಪಂಡಿತ. ಫ್ರಿಜ್ಜಿನ ಬಾಗಿಲಿಗೆ ಹೂಕೋಸಿನಂಥ ಮಿದುಳಿನ ಚಿತ್ರ ಅಂಟಿಸಿದ್ದ. ಕೂಸು ಅದರ ಕೆಳಗೆ ಕೂತು ನನ್ನ ಚಪ್ಪಲಿ ಚೀಪುತ್ತಿತ್ತು.

"ಚಾನ್ಸೇ ಇಲ್ಲ ಚಿಕ್ಕಪ್ಪ," ಎಂದು ಪಂಡಿತ ಅಪ್ಪಣೆ ಕೊಡಿಸಿದ. "ನೆನಪನ್ನ ಜೋಡಿಸಿಡೋ ಭಾಗ ಆ ವಯಸ್ಸಲ್ಲಿ ಇನ್ನೂ ಬೆಳೀತಾ ಇರುತ್ತೆ. ಮಾತೂ ಸರಿಯಾಗಿ ಬಂದಿರಲ್ಲ. ಆಗಿನದು ನಿಲ್ಲಲ್ಲ. ಯಾರೋ ಹೇಳಿದ್ದು ಕೇಳಿ ನೀವೇ ಕಟ್ಕೊಂಡಿರ್ತೀರ."

"ಕೇಳುಸ್ಕಂಡ್ಯೇನ್ಲಾ?" ಅಣ್ಣ ಎಲೆಗೆ ವಡೆ ಜೋಡಿಸುತ್ತ ಬೀಗಿದ. "ಮಿದ್ಳೇ ಇರ್ಲಿಲ್ವಂತೆ ನಿಂಗೆ. ನಾನೂ ಅದ್ನೇ ಯೋಳ್ತಿದ್ದಿದ್ದು."

ನಾನು ನ್ಯಾಯಾಧೀಶನ ಮುಖ ಮಾಡಿಕೊಂಡೆ. "ಹಾಗಾದ್ರೆ ಮಿದುಳು ಪೂರ್ತಿ ಬಲಿಯೋದು ಯಾವಾಗಪ್ಪ?"

"ಮುಂದಿನ ಭಾಗ ಇಪ್ಪತ್ತು ದಾಟಿದ ಮೇಲೂ ಬಲೀತಾ ಇರುತ್ತೆ. ಅದು ಬಲಿತಷ್ಟೂ ಯಾರು, ಎಲ್ಲಿ, ಯಾವಾಗ ಅನ್ನೋದೆಲ್ಲ ಗಟ್ಟಿಯಾಗುತ್ತೆ."

"ಅವ್ವ ಹೋದಾಗ ನಿಮ್ಮಪ್ಪನಿಗೂ ಬರೀ ಹತ್ತು."

"ಹತ್ತು ಪರವಾಗಿಲ್ಲ. ಆದ್ರೂ..." ಪಂಡಿತನಿಗೆ ಹುರುಪು ಹತ್ತಿತು. "ನೆನೆಸ್ಕೊಂಡಾಗೆಲ್ಲ ನೆನಪು ಹೊಸದಾಗಿ ಕಟ್ಕೊಳ್ಳುತ್ತೆ. ಅಜ್ಜಿ ಸಾಯೋ ಮುಂಚೆ ಅಪ್ಪನ ಕೈ ಹಿಡ್ಕೊಂಡು 'ಚಿಕ್ಕೋನ್ನ ನೀನೇ ನೋಡ್ಕೋ' ಅಂದ್ರು ಅಂತಾರಲ್ಲ, ಅದೂ ಹಂಗೇ ಇರ್ಬೋದು. ಅಂದಿರೋದೇ ಡೌಟು."

ವಡೆ ಅಣ್ಣನ ಕೈಯಲ್ಲೇ ಉಳಿಯಿತು. ಆ ಒಂದು ಮಾತಿಗಾಗಿ ಅವನು ಶಾಲೆ ಬಿಟ್ಟವನು. ಯಶವಂತಪುರದ ಮಂಡಿಯಲ್ಲಿ ಈರುಳ್ಳಿ ಮೂಟೆ ಹೊತ್ತು ನನ್ನನ್ನು ಬಿ.ಎ. ಮಾಡಿಸಿದವನು.

ವ್ಯಾಜ್ಯ ಗೆಲ್ಲಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ಯಾಕೋ ಗೆಲ್ಲುವ ಮನಸ್ಸಾಗಲಿಲ್ಲ.

"ಅಂದ್ಲು," ಎಂದೆ. "ನಾನೂ ಅಲ್ಲೇ ಇದ್ದೆ. ಕೇಳಿಸ್ಕೊಂಡಿದೀನಿ."

"ನಿಮಗೆ ಆಗ ಎರಡೂವರೆ ಚಿಕ್ಕಪ್ಪ, ಹೆಂಗೆ..."

"ನಿನ್ನ ಮುಂದಿನ ಭಾಗ ಬಲಿತ ಮೇಲೆ ಬಂದು ಮಾತಾಡಪ್ಪ."

ಅಣ್ಣ ವಡೆ ಇಟ್ಟು, ಎದ್ದು ಹೊರಗೆ ಹೋದ. ಬೀದಿಯಲ್ಲಿ ಹಣ್ಣಿನ ತಳ್ಳುಗಾಡಿ ನಿಂತ ಸದ್ದಾಯಿತು. ಅಲ್ಲಿಂದಲೇ ಕೂಗಿದ: "ಲೇ, ಅವ್ವ ತಿಂತಿದ್ದಿದ್ದು ಒಳಗೆ ಬಿಳೀದಾ, ಕೆಂಪ್ದಾ?"

ಅವ್ವನ ವಿಷಯ ಅಣ್ಣ ನನ್ನನ್ನು ಕೇಳಿದ್ದು ಅದೇ ಮೊದಲು. ನನಗೆ ಬಣ್ಣ ನೆನಪಿಲ್ಲ.

"ಕೆಂಪು," ಎಂದೆ, ಕಣ್ಣಾರೆ ಕಂಡವನ ಗಾಂಭೀರ್ಯದಿಂದ.